ಎದೆಯ ಕವರು, ಗಂಟಲಿನ ಕವರು

ಹೊಡೆಯುವುದಕ್ಕೆ ಮುಂಚೆ ಕೆಂಪರಾಜು ಟವಲನ್ನು ನೆನೆಸುತ್ತಿದ್ದ. ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿ, ಎರಡು ಕೈಯಲ್ಲಿ ಹಿಂಡಿ, ಹಗ್ಗದಂತೆ ಹುರಿ ಮಾಡಿ, ಬಲಗೈಗೆ ಒಂದು ಸುತ್ತು ಸುತ್ತಿಕೊಳ್ಳುತ್ತಿದ್ದ. ಆಮೇಲೆ ಟಿವಿಯ ಸದ್ದು ಏರಿಸುತ್ತಿದ್ದ. ಕೈಯಿಂದ ಹೊಡೆದರೆ ಬೆರಳು ಮೂಡುತ್ತವೆ, ಒದ್ದೆ ಟವಲಿನ ಪೆಟ್ಟು ಗುರುತು ಬಿಡದೆ ಒಳಕ್ಕೆ ಇಳಿಯುತ್ತದೆ ಎಂಬುದನ್ನು ಅವನು ಎಲ್ಲಿ ಕಲಿತನೋ ಆಂಜಿನಮ್ಮನಿಗೆ ಗೊತ್ತಿಲ್ಲ. ಹದಿಮೂರು ವರ್ಷದಲ್ಲಿ, ರವಿಕೆಯ ಒಳಗೆ ಎರಡು ದಿನ ಇದ್ದು ಮಾಸಿಹೋಗುವ ನಸುಗಂದನ್ನು ಬಿಟ್ಟರೆ, ಅವಳ ಮೈಮೇಲೆ ಗುರುತೇ ಮೂಡಿರಲಿಲ್ಲ, ಬೀದಿಯವರಿಗೆ ಏನೂ ಕಂಡಿರಲಿಲ್ಲ.

ಬೀದಿಯೆಂದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿ. ಬೆಂದ ಹುಳುವಿನ ವಾಸನೆ ಅಲ್ಲಿನ ಗೋಡೆ, ಬಟ್ಟೆ, ಅನ್ನ ಎಲ್ಲದರಲ್ಲೂ ಇರುತ್ತದೆ. ಕೆಂಪರಾಜು ತನ್ನ ಗೂಡ್ಸ್ ಆಟೋದಲ್ಲಿ ರೈತರ ರೇಷ್ಮೆಗೂಡನ್ನು ಮಾರುಕಟ್ಟೆಗೆ ತರುತ್ತಿದ್ದ. ಏರುದನಿಯಲ್ಲಿ ಮಾತಾಡಿದವನಲ್ಲ. ಕುಡಿಯುತ್ತಿರಲಿಲ್ಲ. ಬೀದಿಯ ಮಕ್ಕಳನ್ನೂ 'ಬಾರಪ್ಪ, ಹೋಗಮ್ಮ' ಎಂದೇ ಕರೆಯುತ್ತಿದ್ದ. ಗಂಡಂದಿರ ಜೊತೆ ಜಗಳವಾದಾಗ ಹೆಂಗಸರು ಅವನ ಹೆಸರು ಎತ್ತಿ, ಅವನನ್ನ ನೋಡಿ ಕಲೀರಿ ಎನ್ನುತ್ತಿದ್ದರು. ಆಂಜಿನಮ್ಮ ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿ ಗೂಡು ಆರಿಸುತ್ತಿದ್ದಳು.

ಅವಳು ಹುಟ್ಟಿದ್ದು ಕೈವಾರದ ಪಕ್ಕದ ಒಂದು ಹಳ್ಳಿಯಲ್ಲಿ. ಎಂಟನೆಯ ವಯಸ್ಸಿನಲ್ಲಿ ಕೀಲು ಕೀಲು ಊದಿ ಜ್ವರ ಬಂದಿತ್ತು. ಜ್ವರ ಹೋಯಿತು, ಆದರೆ ಹೋಗುವಾಗ ಅವಳ ಹೃದಯದಲ್ಲಿ ಡಾಕ್ಟರು ವಾಲ್ವ್ ಅನ್ನುವ ಒಂದು ಬಾಗಿಲನ್ನು ಕೆಡಿಸಿ ಹೋಗಿತ್ತು. ಅದು ತಿಳಿದದ್ದು ಮದುವೆಯಾಗಿ ಮೂರು ವರ್ಷದ ಮೇಲೆ, ಐದು ತಿಂಗಳ ಬಸುರಿಯಾಗಿ ಮೆಟ್ಟಿಲು ಹತ್ತಲಾರದೆ ನೀಲಿಗಟ್ಟಿ ಬಿದ್ದಾಗ. ಮಗು ಉಳಿಯಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆ ಸೀಳಿ, ಕೆಟ್ಟ ಬಾಗಿಲು ತೆಗೆದು ಲೋಹದ ಬಾಗಿಲು ಕೂರಿಸಿದರು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ರಕ್ತ ತೆಳ್ಳಗಾಗುವ ಮಾತ್ರೆಯನ್ನು ಸಾಯುವ ತನಕ ನುಂಗಬೇಕು, ಆ ಮಾತ್ರೆ ನುಂಗುವಾಗ ಮಕ್ಕಳ ಆಸೆ ಬೇಡ ಎಂದು ಹೇಳಿ ಕಳಿಸಿದರು.

ಆ ಕೊನೆಯ ಮಾತನ್ನು ಕೆಂಪರಾಜು ಕೇಳಿಸಿಕೊಂಡ. ಎದೆಯ ಹೊಲಿಗೆ ಆರುವ ತನಕ ಕಾದ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಮೊದಲ ಸಲ ಟವಲು ನೆನೆಸಿದ. ಪೆಟ್ಟೆಲ್ಲ ಬೆನ್ನ ಕೆಳಗೆ, ಸೊಂಟದ ಮೇಲೆ. ಎದೆಯನ್ನು ಮುಟ್ಟಲಿಲ್ಲ. ಎದೆಯನ್ನು ಡಾಕ್ಟರು ನೋಡುತ್ತಾರೆ.

ಮನೆ ನಿಶ್ಶಬ್ದವಾಗಿದ್ದರೆ ಆ ಲೋಹದ ಬಾಗಿಲು ಮುಚ್ಚಿ ತೆರೆಯುವ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಟಿಕ್, ಟಿಕ್. ಹೊಡೆಯುವಾಗ ಅದು ಜೋರಾಗುತ್ತಿತ್ತು. "ಅದರ ಬಾಯಿ ಮುಚ್ಸಲೇ," ಎನ್ನುತ್ತಿದ್ದ ಕೆಂಪರಾಜು, ಮೆಲ್ಲಗೆ, ಪಕ್ಕದ ಮನೆಯ ಗಡಿಯಾರದ ಬಗ್ಗೆ ಹೇಳುವವನ ಹಾಗೆ. ಟಿವಿಯ ಸದ್ದು ಏರುತ್ತಿದ್ದದ್ದು ಅದಕ್ಕೂ ಸೇರಿ.

ಮೂರು ವರ್ಷದ ಹಿಂದೆ ಅವಳ ಮೈಗೆ ಇನ್ನೊಂದು ಕಾಯಿಲೆ ಬಂತು. ಅದು ಜ್ವರದ ಹಾಗೆ ಬರಲಿಲ್ಲ, ಸಂಜೆಗತ್ತಲಿನ ಹಾಗೆ ಬಂತು. ಮುಖ ಊದಿತು, ಚಳಿ ಹೆಚ್ಚಿತು, ಕೂದಲು ಬಾಚಣಿಗೆಯ ತುಂಬ ಬರತೊಡಗಿತು. ಮಾತು ಬಾಯಿಗೆ ಬರುವಷ್ಟರಲ್ಲಿ ಯಾತಕ್ಕೆ ಬಂತೆಂದು ಮರೆಯುತ್ತಿತ್ತು. ಗೂಡಿನಿಂದ ನೂಲು ತೆಗೆಯುವ ರೀಲಿಂಗಿನ ಕೆಲಸಕ್ಕೆ ಬೆರಳಲ್ಲಿ ಕಣ್ಣಿರಬೇಕು. ಬಿಸಿನೀರಿನ ಬೇಸಿನ್ನಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆಗಳು ಮೇಲೆದ್ದು ಒಂದು ನೂಲಾಗಿ ಸುತ್ತುತ್ತವೆ. ಒಂದು ಎಳೆ ಕಡಿದರೆ ಅದು ಮೇಲೆ ಹೋಗುವುದರೊಳಗೆ ಇನ್ನೊಂದನ್ನು ಎಸೆದು ಸೇರಿಸಬೇಕು. ಆಂಜಿನಮ್ಮನ ಬೆರಳುಗಳು ಕಡಿದ ಎಳೆಯನ್ನು ನೋಡುತ್ತಾ ನಿಲ್ಲತೊಡಗಿದವು. ಮನೆಯಲ್ಲಿ ಸಾರು ಉಕ್ಕಿ ಒಲೆ ಆರುತ್ತಿತ್ತು, ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂದೊಂದು ಉಕ್ಕಿಗೂ ಟವಲು ನೆನೆಯಿತು. ಏಟು ಬಿದ್ದಾಗಲೂ ಅವಳು ನಿಧಾನವಾಗಿಯೇ ತಿರುಗುತ್ತಿದ್ದಳು, ಅದಕ್ಕೆ ಇನ್ನೊಂದು ಬೀಳುತ್ತಿತ್ತು.

ಊರಿನ ಒಂದು ಕ್ಲಿನಿಕ್ಕಿನಲ್ಲಿ ರಕ್ತ ನೋಡಿ ಥೈರಾಯ್ಡ್ ಅಂದರು. ಗಂಟಲಿನ ಗ್ರಂಥಿ ಸೊರಗಿದೆ, ಅದು ಕೊಡಬೇಕಾದದ್ದನ್ನು ಮಾತ್ರೆಯಲ್ಲಿ ಕೊಡುತ್ತೇವೆ ಅಂದರು. ಮೊದಲು ಐವತ್ತರ ಮಾತ್ರೆ. ಆರು ತಿಂಗಳಾದರೂ ಕಾಯಿಲೆ ಇಳಿಯಲಿಲ್ಲ, ನೂರು ಮಾಡಿದರು. ಆಮೇಲೆ ನೂರೈವತ್ತು. ಜೊತೆಗೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಮೂಳೆ ನೋವಿಗೆ ಕ್ಯಾಲ್ಸಿಯಂ ಮಾತ್ರೆ. ಅದೇ ಹೊತ್ತಿನಲ್ಲಿ ಬೆಂಗಳೂರಿನವರು ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿ, ರಕ್ತ ಯಾಕೋ ಸಾಕಷ್ಟು ತೆಳ್ಳಗಾಗುತ್ತಿಲ್ಲವಲ್ಲ ಎಂದು ಆ ಮಾತ್ರೆಯನ್ನೂ ಏರಿಸುತ್ತಾ ಹೋದರು.

ಅವಳ ಬಳಿ ಎರಡು ಪ್ಲಾಸ್ಟಿಕ್ ಕವರುಗಳಿದ್ದವು. ಒಂದು ಎದೆಯದು, ಒಂದು ಗಂಟಲಿನದು. ಬೆಂಗಳೂರಿಗೆ ಹೋಗುವಾಗ ಎದೆಯ ಕವರು, ಕ್ಲಿನಿಕ್ಕಿಗೆ ಹೋಗುವಾಗ ಗಂಟಲಿನ ಕವರು. ತಪ್ಪಿಯೂ ಒಂದರ ಬದಲು ಇನ್ನೊಂದನ್ನು ಒಯ್ಯುತ್ತಿರಲಿಲ್ಲ. ಆ ಅಚ್ಚುಕಟ್ಟಿನ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆಯೂ ಇತ್ತು.

ಆದರೆ ನುಂಗುವಾಗ ಎಲ್ಲ ಒಟ್ಟಿಗೆ. ಅದು ಅವಳು ಕೆಲಸಕ್ಕೆ ಹೋಗುವ ರೀಲಿಂಗ್ ಮನೆಯ ಹೆಂಗಸರೆಲ್ಲರ ಪದ್ಧತಿ. ಬೆಳಗ್ಗೆ ಆರಕ್ಕೆ ಬಿಸಿನೀರಿಗೆ ಇಳಿದ ಕೈ ಎಂಟಕ್ಕೆ ರಾಗಿಗಂಜಿಯ ಹೊತ್ತಿಗೆ ಒಂದೇ ಸಲ ಒಣಗುವುದು. ಬೆಂದು ಬಿಳಿಚಿದ ಬೆರಳುಗಳಿಗೆ ಹಾಳೆಯಿಂದ ಮಾತ್ರೆ ಒತ್ತಲು ಬಾರದು. ಹಾಗಾಗಿ ಭಾನುವಾರವೇ ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ, ಕ್ಯಾಲೆಂಡರಿನ ಹಾಳೆ ಹರಿದು ಆರು ಪೊಟ್ಟಣ ಕಟ್ಟಿ, ದಿನಕ್ಕೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಬಿಪಿಯದು, ಶುಗರಿನದು, ಮಂಡಿಯದು, ಯಾರದು ಏನೇ ಇರಲಿ, ಎಂಟು ಗಂಟೆಗೆ ಒಂದೇ ಗುಕ್ಕು. ಈ ಕಾಯಿದೆ ಮಾಡಿದವಳು ಪೆದ್ದಮ್ಮ. ಅರವತ್ತು ದಾಟಿದವಳು, ನಲವತ್ತು ವರ್ಷದಿಂದ ಬೇಸಿನ್ನಿನ ಮುಂದೆ ಕೂತವಳು, ಆಂಜಿನಮ್ಮನ ಮನೆಯಿಂದ ಮೂರನೆಯ ಮನೆಯವಳು. ಕಾಯಿಲೆಗಳು ಹೊಟ್ಟೆಯೊಳಗೆ ಹೋಗಿ ತಂತಮ್ಮದನ್ನು ಹುಡುಕಿಕೊಳ್ಳುತ್ತವೆ, ನೀನ್ಯಾಕೆ ಬೇರೆ ಬೇರೆ ಬಡಿಸ್ತೀಯ ಎನ್ನುವಳು.

ಈ ವರ್ಷ ಯುಗಾದಿ ಕಳೆದ ವಾರ ಆಂಜಿನಮ್ಮ ಗಂಟಲಿನ ಕವರು ಹಿಡಿದು ಮೆಡಿಕಲ್ ಸ್ಟೋರಿಗೆ ಹೋದಳು. ಬುದ್ಧನ ಪಟ ಹಾಕಿದ ಸಣ್ಣ ಅಂಗಡಿ. ಮಾಲೀಕನ ಮಗಳು ಹರಿಣಿ ಫಾರ್ಮಸಿ ಓದು ಮುಗಿಸಿ ಆ ತಿಂಗಳಷ್ಟೇ ಕೌಂಟರಿಗೆ ಬಂದು ನಿಂತಿದ್ದಳು. ನೂರೈವತ್ತರ ಚೀಟಿ ನೋಡಿ, ಆಂಜಿನಮ್ಮನ ಊದಿದ ಮುಖ ನೋಡಿ, ಮತ್ತೆ ಚೀಟಿ ನೋಡಿದಳು.

"ಆಂಟಿ, ಇದನ್ನ ಯಾವಾಗ ತಗೊತೀರ?"

"ಎಂಟ್ ಗಂಟೆಗೆ ಕಣಮ್ಮ."

"ಯಾವುದರ ಜೊತೆ?"

"ಎಲ್ಲದರ ಜೊತೆ. ಗಂಜಿ ಜೊತೆ."

ಹರಿಣಿ ನಕ್ಕುಬಿಟ್ಟಳು, ನಕ್ಕದ್ದಕ್ಕೆ ನಾಚಿಕೊಂಡಳು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸಿಬಿಡುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ, ಮೂರು ವರ್ಷ ನುಂಗಿದ್ದರಲ್ಲಿ ಬಹುಪಾಲು ದಂಡ ಎಂದು ವಿವರಿಸಿದಳು. ಥೈರಾಯ್ಡ್ ಮಾತ್ರೆಯನ್ನು ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಬೇಕು. ಉಳಿದೆರಡನ್ನು ಮಧ್ಯಾಹ್ನ ಊಟವಾದ ಮೇಲೆ. ಆರು ವಾರ ಬಿಟ್ಟು ಟೆಸ್ಟ್. ಬೇರೆ ಮಾತ್ರೆ ಏನಾದರೂ ಇದೆಯೇ ಎಂದೂ ಕೇಳಿದಳು. ಎದೆಯದೊಂದಿದೆ, ಅದು ಬೆಂಗಳೂರಿನವರದು ಅಂದಳು ಆಂಜಿನಮ್ಮ. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿಗೆ ಅವಸರ ಮಾಡಿದರು. ಎದೆಯದು ಯಾವುದು ಎಂದು ಹರಿಣಿ ಕೇಳಲಿಲ್ಲ.

ಮಾರನೆಯ ದಿನದಿಂದ ಆಂಜಿನಮ್ಮ ಐದು ಗಂಟೆಗೆ ಎದ್ದು ಗಂಟಲಿನ ಮಾತ್ರೆಯನ್ನು ಒಂಟಿಯಾಗಿ ನುಂಗಿದಳು. ಎಂಟಕ್ಕೆ ಎದೆಯದು. ಮಧ್ಯಾಹ್ನ ಉಳಿದೆರಡು. ಪೆದ್ದಮ್ಮ ಮೂತಿ ತಿರುಗಿಸಿದಳು. "ಏಮ್ಮಾ, ಮಾತ್ರೆಗೂ ಮೂರು ಹೊತ್ತು ಊಟನಾ? ರಾಣಿ ಕಣೇ ನೀನು."

ನಾಲ್ಕನೆಯ ವಾರದಲ್ಲಿ ಅವಳಿಗೆ ಹಸಿವಾಯಿತು. ಹಸಿವು ಎಂದರೆ ಏನೆಂದು ಮರೆತಿದ್ದವಳು ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಹಾಕಿಕೊಂಡು ತನಗೇ ನಾಚಿಕೊಂಡಳು. ಆಮೇಲೆ ಬೆರಳುಗಳು ಎಚ್ಚೆತ್ತವು. ಎಳೆ ಕಡಿಯುವ ಮುಂಚೆಯೇ ಕಡಿಯುತ್ತದೆಂದು ಅವಕ್ಕೆ ತಿಳಿಯತೊಡಗಿತು. ಮುಖದ ಊತ ಇಳಿದು ಹಳೆಯ ಗಲ್ಲ ಕಂಡಿತು. ಯಾರೋ ಏನೋ ಅಂದದ್ದಕ್ಕೆ ಅವಳು ಪಟ್ಟನೆ ತಿರುಗಿ ಉತ್ತರ ಕೊಟ್ಟಾಗ ಇಡೀ ಸಾಲು ಕೈ ನಿಲ್ಲಿಸಿ ನೋಡಿತು. ಬೇಸಿನ್ನಿನ ಹಬೆಯ ಆಚೆ ಕಿಟಕಿಯಿತ್ತು, ಕಿಟಕಿಯಾಚೆ ಒಂದು ಹೊಂಗೆ ಮರ ಹೂ ಬಿಟ್ಟಿತ್ತು. ಮೂರು ವರ್ಷದಲ್ಲಿ ಅದನ್ನು ಅವಳು ನೋಡಿದ್ದು ಅದೇ ಮೊದಲು.

ಅದೇ ದಿನಗಳಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ಬಿಂದಿಗೆ ಇಟ್ಟುಕೊಂಡ ಸೊಂಟದಲ್ಲಿ ಬಿಂದಿಗೆಯ ಬಾಯಿಯಷ್ಟಗಲದ ಕಂದು ಕಾಣಿಸಿತು. ಮೈ ಹೊಸದಾಗುವಾಗ ಹೀಗೆಲ್ಲ ಆಗಬಹುದು ಎಂದುಕೊಂಡಳು. ಬೆಂಗಳೂರಿನ ತಾರೀಖಿಗೆ ಇನ್ನೂ ಎರಡು ತಿಂಗಳಿತ್ತು.

ಆರನೆಯ ವಾರ ಕೆಂಪರಾಜು ಟವಲು ನೆನೆಸಿದ. ಅವಳು ಚುರುಕಾದದ್ದು ಅವನಿಗೆ ಸೇರಿರಲಿಲ್ಲ. ಅಡುಗೆಯಲ್ಲಿ ತಪ್ಪು ಹುಡುಕಿ ಸಿಗದೆ, ಮಾತಿನಲ್ಲಿ ಹುಡುಕಿದ. ಎಂದಿನಂತೆ ನಾಲ್ಕು ಪೆಟ್ಟು. ನಾಲ್ಕನೆಯದರ ತುದಿ ಹಾರಿ ಕತ್ತಿನ ಕೆಳಗೆ, ರವಿಕೆಯ ಅಂಚಿನ ಮೇಲೆ ಬಿತ್ತು.

ಬೆಳಗ್ಗೆ ಬೇಸಿನ್ನಿನ ಮುಂದೆ ಬಾಗಿದಾಗ ಹಿಂದೆ ಗೂಡು ತರುತ್ತಿದ್ದ ಪೆದ್ದಮ್ಮ ನಿಂತುಬಿಟ್ಟಳು. ಆಂಜಿನಮ್ಮನ ಕತ್ತಿನ ಬುಡದಲ್ಲಿ ನೇರಳೆ ಹಣ್ಣು ಒರೆಸಿದಂತೆ ಎರಡು ಬೆರಳಗಲದ ಪಟ್ಟಿ. ಪಟ್ಟಿಯ ಒಳಗೆ ಟವಲಿನ ನೇಯ್ಗೆ, ಅಡ್ಡ ಎಳೆ ಉದ್ದ ಎಳೆ ಎಣಿಸಬಹುದು. ಪೆದ್ದಮ್ಮ ಗೂಡಿನ ಬುಟ್ಟಿ ಕೆಳಗಿಟ್ಟು, ಅವಳ ರವಿಕೆಯನ್ನು ಹಿಂದಿನಿಂದ ಮೆಲ್ಲಗೆ ಎತ್ತಿ ಬೆನ್ನು ನೋಡಿದಳು. ಒಬ್ಬೊಬ್ಬರಾಗಿ ಸಾಲಿನ ಹೆಂಗಸರೆಲ್ಲ ಎದ್ದು ಬಂದು ನೋಡಿದರು. ಅವತ್ತು ಎಷ್ಟೋ ನೂಲು ಸೇರಿಸುವವರಿಲ್ಲದೆ ಕಡಿದು ನೀರಿಗೆ ಬಿತ್ತು.

ಸುದ್ದಿ ಅವನಿಗಿಂತ ಮುಂಚೆ ಮನೆಗೆ ಬಂದಿತ್ತು. ಕೆಂಪರಾಜು ಅವಳನ್ನು ಬೆಳಕಿಗೆ ತಿರುಗಿಸಿ ಗುರುತನ್ನು ನೋಡಿದ. ಅವನ ಮುಖದಲ್ಲಿ ಭಯವಿತ್ತು. ಎಂಟು ದಿನ ಮುಟ್ಟಲಿಲ್ಲ. ಆ ಎಂಟು ದಿನದಲ್ಲಿ ಒಂದು ದಿನ ಬಾಡಿಗೆಗೆ ಚಿಂತಾಮಣಿಗೆ ಹೋದವನು ಅವಳ ಎದೆಯ ಮಾತ್ರೆಯ ಖಾಲಿ ಹಾಳೆಯನ್ನು ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ತೋರಿಸಿ, ನಮ್ಮನೆಯವಳಿಗೆ ಸುಮ್ಮಸುಮ್ಮನೆ ಮೈ ಕಂದುತ್ತದೆ, ಯಾಕೆ ಎಂದು ಕೇಳಿದ. ರಕ್ತ ತೆಳ್ಳಗಾಗುವ ಮಾತ್ರೆ, ಹೆಚ್ಚಾದರೆ ಹಾಗಾಗುತ್ತದೆ, ತಡಮಾಡದೆ ಟೆಸ್ಟ್ ಮಾಡಿಸಿ ಎಂದು ಅಂಗಡಿಯವನು ಹೇಳಿದ. ಆಮೇಲೆ ಪೊಲೀಸರ ಮುಂದೆ ಕೆಂಪರಾಜು ತಾನೇ ಒಪ್ಪಿಕೊಂಡಂತೆ, ಆ ಮಾತಿನ ಮೊದಲರ್ಧವನ್ನು ಶಿಡ್ಲಘಟ್ಟಕ್ಕೆ ತಂದ. ಉಳಿದರ್ಧವನ್ನು ಯಾರಿಗೂ ಹೇಳಲಿಲ್ಲ.

ಬೀದಿಯಲ್ಲಿ, ಹೋಟೆಲಿನಲ್ಲಿ, ಮಾರುಕಟ್ಟೆಯ ಗೇಟಿನಲ್ಲಿ ಅವನು ಹೆಂಡತಿಯ ಕಾಯಿಲೆಯ ಬಗ್ಗೆ ಕನಿಕರದಿಂದ ಮಾತಾಡತೊಡಗಿದ. ಎದೆಯ ಮಾತ್ರೆ, ಮುಟ್ಟಿದರೆ ಕಂದುತ್ತದೆ, ಮಂಚದ ಅಂಚು ತಗುಲಿದರೂ ಸಾಕು, ಏನು ಮಾಡುವುದು. ಜನ ನಂಬಿದರು. ನಂಬುವುದು ಸುಲಭವಿತ್ತು, ಅದರಲ್ಲಿ ನಿಜವೂ ಇತ್ತು. ಬೀದಿ ನಂಬಿದ ಮೇಲೆ ಅವನಿಗೆ ಟವಲಿನ ಹಂಗು ಇರಲಿಲ್ಲ. ಯಾವ ಗುರುತು ಮೂಡಿದರೂ ಅದು ಮಾತ್ರೆಯದು. ಒಂದು ಸಂಜೆ ಅವಳ ಕಿವಿಯ ಕೆಳಗೆ ಬರಿಗೈಯಲ್ಲಿ ಹೊಡೆದ. ಇನ್ನೊಂದು ದಿನ ಕೂದಲು ಹಿಡಿದು ಅಡುಗೆಮನೆಯ ಕಟ್ಟೆಗೆ ತಳ್ಳಿದ. ಹಣೆ ಕಪ್ಪಾಗಿ ಕಣ್ಣಿನ ತನಕ ಇಳಿಯಿತು. ಬೀದಿಯ ಹೆಂಗಸೊಬ್ಬಳು ಅವಳನ್ನು ತಡೆದು, ಜೋಪಾನ ಕಣಮ್ಮ, ನಿನ್ನ ಮಾತ್ರೆ ಸರಿಯಿಲ್ಲವಂತೆ ಅಂದಳು.

ಆಂಜಿನಮ್ಮನಿಗೆ ಹೆದರಿಕೆಯಾದದ್ದು ಆಗ. ಅವನು ಕೊಲ್ಲಬಹುದು ಎಂಬುದು ಅವಳಿಗೆ ಹೊಸದಲ್ಲ. ಕೊಂದರೂ ಅದನ್ನು ಮಾತ್ರೆ ಎಂದು ಬರೆದುಕೊಳ್ಳುತ್ತಾರೆ ಎಂಬುದು ಹೊಸದು.

ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟವಾಗಿತ್ತು. ತಮ್ಮ ಅಂಬರೀಶನ ಮನೆಗೆ, ಕೈವಾರದ ಕಡೆಗೆ, ಎರಡು ದಿನ ಹೋಗಿಬರುತ್ತೇನೆ ಎಂದು ಅವಳು ಹೇಳಿದಳು. ಕೇಳಲಿಲ್ಲ, ಹೇಳಿದಳು. ಕೆಂಪರಾಜು ಎದ್ದು ಬಚ್ಚಲಿಗೆ ಹೋಗಿ ಟವಲನ್ನು ಬಕೆಟ್ಟಿನಲ್ಲಿ ಅದ್ದಿದ. ಅದು ಹೊಡೆಯಲು ಬೇಕಿತ್ತೆಂದಲ್ಲ, ಅವಳು ಕೇಳಿಸಿಕೊಳ್ಳಲಿ ಎಂದು. ಅದ್ದಿ, ಟಿವಿಯ ರಿಮೋಟು ಹುಡುಕಲು ಹೊರಗೆ ಬಂದ.

ಆಂಜಿನಮ್ಮ ಬಚ್ಚಲಿಗೆ ಹೋಗಿ ಟವಲನ್ನು ಎತ್ತಿಕೊಂಡಳು. ಎರಡು ಕೈಯಲ್ಲಿ ಚೆನ್ನಾಗಿ ಹಿಂಡಿದಳು. ಅವನ ಮುಂದೆಯೇ ಅಂಗಳಕ್ಕೆ ನಡೆದು, ಒದರಿ, ಬಿಸಿಲಿನ ತಂತಿಯ ಮೇಲೆ ಹರವಿದಳು. ಗಾಳಿಗೆ ಹಾರದಿರಲೆಂದು ಎರಡು ಕ್ಲಿಪ್ಪು ಹಾಕಿದಳು.

"ಒಣಗ್ಲಿ," ಅಂದಳು, ಒಳಗೆ ಬಂದು.

ಅವನು ಬಾಗಿಲು ಮುಚ್ಚಿದ. ಅವಳ ಬಲತೋಳನ್ನು ಹಿಡಿದು ತಿರುಚಿದಾಗ ಐದು ಬೆರಳೂ ಮೂಳೆಗೆ ತಾಕಿದವು. ಇನ್ನೊಂದು ಕೈ ಮುಖದ ಮೇಲೆ ಬಿತ್ತು, ಮತ್ತೆ ಬಿತ್ತು. ಅವಳು ಬಾಗಿಲಿನ ಚೌಕಟ್ಟಿಗೆ ಬಡಿದು ಕೆಳಗೆ ಕೂತಾಗ ಬೆನ್ನಿಗೆ ಕಾಲಿನಿಂದ ಒದ್ದ. ಮೂಗಿನಿಂದ ರಕ್ತ ಇಳಿಯಿತು. ಅದು ಹನಿಯಾಗಿ ಶುರುವಾಗಿ ನೂಲಾಯಿತು, ನೂಲು ಕಡಿಯಲಿಲ್ಲ. ಸೀರೆ ನೆನೆದು ನೆಲಕ್ಕೆ ಹರಿಯಿತು. ಕೆಂಪರಾಜು ಎರಡು ಹೆಜ್ಜೆ ಹಿಂದೆ ಸರಿದು ಕುರ್ಚಿಯ ಮೇಲೆ ಕೂತ. ಟಿವಿ ಹಾಕಿರಲಿಲ್ಲ. ಟಿಕ್ ಟಿಕ್ ಎಂಬುದು ಇಬ್ಬರಿಗೂ ಕೇಳುತ್ತಿತ್ತು. ಅವನು ಅದು ನಿಲ್ಲುವುದನ್ನು ಕಾಯುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಮೂರು ತಿಂಗಳ ಹಿಂದಿನ ಆಂಜಿನಮ್ಮ ಅಲ್ಲೇ ಕೂತಿರುತ್ತಿದ್ದಳು. ಈಗಿನವಳು ಚೌಕಟ್ಟು ಹಿಡಿದು ಎದ್ದಳು, ಅವನು ಏಳುವುದರೊಳಗೆ ಚಿಲಕ ತೆಗೆದಳು, ಅಂಗಳದ ತಂತಿಯಿಂದ ಟವಲನ್ನು ಕಿತ್ತು ಮೂಗಿಗೆ ಒತ್ತಿಕೊಂಡು ಬೀದಿಗೆ ನಡೆದಳು. ಬೀದಿಯಲ್ಲಿ ಜನವಿತ್ತು. ಅವನು ಹಿಂದೆ ಬರಲಿಲ್ಲ.

ಮೂರನೆಯ ಮನೆಯ ತನಕ ರಕ್ತದ ಗುರುತಿತ್ತು. ಪೆದ್ದಮ್ಮ ನೋಡಿದವಳೇ ತನ್ನ ತೆಲುಗಿನಲ್ಲಿ, ನಾ ತಲ್ಲಿ, ನನ್ನ ತಾಯೇ, ಎಂದು ಅವಳ ಎಡ ಮಣಿಕಟ್ಟನ್ನು ಹಿಡಿದಳು. ಬಾಡಿಗೆ ಆಟೋ ಹಿಡಿದು ಮೆಡಿಕಲ್ ಸ್ಟೋರಿನ ಮುಂದೆ ನಿಲ್ಲಿಸಿದಾಗ ಹರಿಣಿ ಹತ್ತಿ ತಂದು, ಹತ್ತಿ ಕ್ಷಣದಲ್ಲಿ ನೆನೆದದ್ದು ನೋಡಿ, ಎದೆಯದು ಯಾವ ಮಾತ್ರೆ ಎಂದು ಕೇಳಿದಳು. ಈ ಸಲ ಉತ್ತರಕ್ಕೆ ಕಾದಳು. ಹೆಸರು ತಿಳಿದ ಮೇಲೆ ಅವಳ ತುಟಿಯ ಬಣ್ಣ ಹೋಯಿತು. ಎರಡೂ ಕವರು ತರಿಸಿ, ಅಂಗಡಿ ಬಿಟ್ಟು ತಾನೂ ಆಟೋ ಹತ್ತಿದಳು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ತನಕ ಪೆದ್ದಮ್ಮ ಮಣಿಕಟ್ಟು ಬಿಡಲಿಲ್ಲ.

ಅಲ್ಲಿ ಕೆಲಸದಲ್ಲಿದ್ದವರು ಡಾಕ್ಟರ್ ರೂಪ. ಮೂಗಿಗೆ ಬ್ಯಾಂಡೇಜು ಬಟ್ಟೆ ತುಂಬಿದರು, ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಕೊಟ್ಟರು, ಬೇರೆಯವರ ರಕ್ತದ ತಿಳಿಯನ್ನು, ಪ್ಲಾಸ್ಮಾವನ್ನು, ತರಿಸಿ ಏರಿಸಿದರು. ರಕ್ತ ಎಷ್ಟು ತೆಳ್ಳಗಿದೆ ಎಂದು ಹೇಳುವ, ಮೂರರ ಆಸುಪಾಸು ಇರಬೇಕಾದ ಅಂಕಿ ಹತ್ತು ದಾಟಿತ್ತು. ಆಮೇಲೆ ಎದೆಯ ಕವರನ್ನೂ ಗಂಟಲಿನ ಕವರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಸುರಿದು ತಾರೀಖು ನೋಡುತ್ತಾ ಹೋದರು. ಆ ಎರಡರ ಕಾಗದಗಳು ಒಂದನ್ನೊಂದು ಕಂಡದ್ದು ಅದೇ ಮೊದಲು.

ಥೈರಾಯ್ಡ್ ಸೊರಗಿದ ಮೈ ನಿಧಾನ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಕರಗುವುದೂ ನಿಧಾನ ಎಂದು ಅವರು ಹೇಳಿದರು. ಅದಕ್ಕೇ ಬೆಂಗಳೂರಿನವರು ಎದೆಯ ಮಾತ್ರೆಯನ್ನು ಏರಿಸಬೇಕಾಯಿತು. ಈಗ ಥೈರಾಯ್ಡ್ ಮಾತ್ರೆ ಸರಿಯಾಗಿ ಹಿಡಿದು ಮೈ ಚುರುಕಾಗಿದೆ, ಆ ಅಂಶಗಳು ಬೇಗ ಕರಗುತ್ತಿವೆ, ಏರಿಸಿದ ಎದೆಯ ಮಾತ್ರೆ ಮಾತ್ರ ಹಾಗೇ ಉಳಿದಿದೆ. ಒಂದು ಸರಿಯಾದ ದಿನದಿಂದ ಇನ್ನೊಂದನ್ನು ಇಳಿಸುತ್ತಾ ಬರಬೇಕಿತ್ತು. ಹರಿಣಿ ಗೋಡೆಗೆ ಮುಖ ಮಾಡಿ ಅತ್ತಳು. ಸರಿಯಾದ ಮಾತನ್ನೇ ಹೇಳಿದ್ದೀಯ, ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಅಷ್ಟೆ, ಎಂದರು ರೂಪ.

ಕೆಂಪರಾಜು ಒಗೆದ ಅಂಗಿ ಹಾಕಿಕೊಂಡು ಸಂಜೆ ಐದಕ್ಕೆ ಬಂದ. ಅವನಿಗಿಂತ ಸ್ವಲ್ಪ ಮುಂಚೆ ಹೆಡ್ ಕಾನ್ಸ್‌ಟೇಬಲ್ ವೆಂಕಟರವಣಪ್ಪ ಆಸ್ಪತ್ರೆಯವರ ಕರೆಗೆ ಬಂದು ಮಂಚದ ಪಕ್ಕ ಪುಸ್ತಕ ತೆರೆದಿದ್ದ. ಕೆಂಪರಾಜು ಬಾಗಿಲಲ್ಲೇ ಕೈಮುಗಿದ. ಬಾಗಿಲಿಗೆ ಬಿದ್ದುಬಿಟ್ಟಳು, ರಕ್ತದ ಮಾತ್ರೆ ಹೆಚ್ಚಾಗಿದೆ, ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಎರಡು ತಿಂಗಳಿಂದ ಹೀಗೇ ಕಂದುತ್ತಾಳೆ ಎಂದ. ವೆಂಕಟರವಣಪ್ಪ ಡಾಕ್ಟರ ಕಡೆ ನೋಡಿದ.

"ಈ ಸ್ಥಿತೀಲಿ ಮೆಲ್ಲಗೆ ಮುಟ್ಟಿದರೂ ಗುರುತು ಬೀಳಬಹುದು," ಎಂದರು ರೂಪ. "ಅದು ನಿಜ. ನಾನು ಇಲ್ಲ ಅನ್ನೋಕಾಗಲ್ಲ."

"ಅಲ್ವಾ ಮೇಡಂ," ಅಂದ ಕೆಂಪರಾಜು.

ವೆಂಕಟರವಣಪ್ಪನ ಪೆನ್ನು ಹಾಳೆಯ ಮೇಲೆ ನಿಂತಿತು. ಔಷಧಿಯ ಅಡ್ಡಪರಿಣಾಮ ಎಂದು ಬರೆದರೆ ಮುಗಿಯಿತು. ಎಲ್ಲರೂ ಮನೆಗೆ ಹೋಗಬಹುದು. ಆಂಜಿನಮ್ಮನೂ ಮನೆಗೇ ಹೋಗಬೇಕು.

ಅವಳ ಮೂಗಿನ ತುಂಬ ಬಟ್ಟೆಯಿತ್ತು, ಮಾತು ಬಾಯಿಯಿಂದ ಉಸಿರಿನ ಜೊತೆ ಕಷ್ಟದಲ್ಲಿ ಬಂತು.

"ಸಾರ್, ಇವತ್ತು ನನ್ನ ಎಷ್ಟು ಜನ ಮುಟ್ಟಿದ್ದಾರೆ, ಎಣಿಸ್ತೀರಾ?"

ಅವಳು ಎಡಗೈಯನ್ನು ಹೊದಿಕೆಯ ಮೇಲೆ ಇಟ್ಟಳು. ಶಿಡ್ಲಘಟ್ಟದಿಂದ ಇಲ್ಲಿಯ ತನಕ ಪೆದ್ದಮ್ಮ ಬಿಗಿಹಿಡಿದ ಮಣಿಕಟ್ಟು. ನಸುಗೆಂಪು, ಅಷ್ಟೆ. ಮೇಲುಗಡೆ ನರ್ಸಮ್ಮ ರಬ್ಬರು ಕಟ್ಟಿ ರಕ್ತ ತೆಗೆದ ಜಾಗ. ಒಂದು ಗೆರೆ, ಸೂಜಿ ಚುಚ್ಚಿದಲ್ಲಿ ಒಂದು ಚುಕ್ಕೆ. ಆಟೋದಿಂದ ಇಳಿಸುವಾಗ ಹರಿಣಿ ಕಂಕುಳಿಗೆ ಕೈ ಕೊಟ್ಟಿದ್ದಳು. ಅಲ್ಲಿ ಏನೂ ಇಲ್ಲ.

"ಇವರೆಲ್ಲ ಮುಟ್ಟಿದ್ದು. ಈಗ ಇದನ್ನ ನೋಡಿ," ಎಂದು ಬಲತೋಳಿನ ಸೀರೆ ಸರಿಸಿದಳು.

ತೋಳಿನ ಹೊರಮೈಯಲ್ಲಿ ನಾಲ್ಕು, ಒಳಮೈಯಲ್ಲಿ ಒಂದು. ಕಪ್ಪುನೇರಳೆ, ನಡುವೆ ಊದಿಕೊಂಡು ಮಿರುಗುತ್ತಿದ್ದವು. ಕಿರುಬೆರಳಿನ ಗುರುತಿನಲ್ಲಿ ಉಂಗುರದ ಅಂಚು ಸ್ಪಷ್ಟವಾಗಿ ಇಳಿದಿತ್ತು.

"ಮಾತ್ರೆ ಕಂದಿಸ್ತದೆ ಸಾರ್. ಡಾಕ್ಟ್ರಮ್ಮ ಹೇಳಿದ್ದು ಸರಿ. ಮಾತ್ರೆ ಹೆಚ್ಚಾಗೋಕ್ಕೆ ಮುಂಚೆ, ಗಂಟಲಿಂದು ಬರೋಕ್ಕೆ ಮುಂಚೆ, ಹದಿಮೂರು ವರ್ಷದಿಂದ ಹೊಡೀತಾ ಇದ್ದಾನೆ. ಆಗ ಕಾಣ್ತಿರಲಿಲ್ಲ. ಈಗ ಕಾಣ್ತದೆ. ಅಷ್ಟೇ ಮಾತ್ರೆ ಮಾಡಿದ್ದು." ಅವಳು ಉಸಿರು ತೆಗೆದುಕೊಂಡಳು. "ಅವನ ಕೈ ತಂದು ಇದರ ಮೇಲಿಡಿ. ಕೂತ್ಕೊಂತದೋ ಇಲ್ವೋ ನೋಡಿ."

ಎಲ್ಲರೂ ಕೆಂಪರಾಜುವಿನ ಕೈ ನೋಡಿದರು. ಕೈಮುಗಿದೇ ನಿಂತಿದ್ದವನು ಕೈಗಳನ್ನು ಬಿಡಿಸಿ, ಉಂಗುರವಿದ್ದ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

ವೆಂಕಟರವಣಪ್ಪ ಹಾಳೆ ತಿರುವಿ ಹೊಸದರಲ್ಲಿ ಬರೆಯಲು ಶುರು ಮಾಡಿದ. ರೂಪ ಅಳತೆಪಟ್ಟಿ ತರಿಸಿ, ತೋಳು, ಬೆನ್ನು, ಹಣೆ ಒಂದೊಂದನ್ನೂ ಅಳೆದು ಹೇಳಿದರು. ಬೆನ್ನಿನ ಮೇಲೆ ಎರಡು ವಾರದಷ್ಟು ಹಳೆಯದೊಂದು ಹಳದಿಗಟ್ಟಿ ಉಳಿದಿತ್ತು, ಅದನ್ನೂ ಬರೆಸಿದರು. ರಕ್ತ ಒಣಗಿ ರಟ್ಟಿನಂತಾಗಿದ್ದ ಟವಲನ್ನು ಪೆದ್ದಮ್ಮ ಮಡಿಸದೆ ಹಾಗೇ ಪೊಲೀಸರ ಕೈಗೆ ಕೊಟ್ಟಳು.

ಕೇಸು ಇನ್ನೂ ನಡೆಯುತ್ತಿದೆ. ಕೆಂಪರಾಜು ಜಾಮೀನಿನ ಮೇಲೆ ಗೌರಿಬಿದನೂರಿನ ಅಣ್ಣನ ಮನೆಯಲ್ಲಿದ್ದಾನೆ, ಶಿಡ್ಲಘಟ್ಟಕ್ಕೆ ಬರುವ ಹಾಗಿಲ್ಲ. ಬೀದಿಯಲ್ಲಿ ಅವನನ್ನು ನೆನೆದು ಪಾಪ ಎನ್ನುವವರು ಇನ್ನೂ ಇದ್ದಾರೆ. ಆಂಜಿನಮ್ಮನ ಮೈಮೇಲಿನ ಗುರುತುಗಳು ನೇರಳೆಯಿಂದ ಹಸಿರು, ಹಸಿರಿನಿಂದ ಹಳದಿಯಾಗಿ ಮೂರು ವಾರದಲ್ಲಿ ಮಾಸಿದವು. ಕೊನೆಯದು, ಉಂಗುರದ ಅಂಚು, ಮಾಸಿದ ದಿನ ಅವಳು ಕನ್ನಡಿಯ ಮುಂದೆ ಬಹಳ ಹೊತ್ತು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕಾಗದದಲ್ಲಿ ಇದೆಯಲ್ಲ ಎಂದು ಸೆರಗು ಹೊದ್ದಳು.

ಎದೆಯ ಮಾತ್ರೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದ್ದಾರೆ. ಗಂಟಲಿನದನ್ನೂ ಸ್ವಲ್ಪ ಇಳಿಸಿದ್ದಾರೆ. ಮೊದಮೊದಲು ವಾರಕ್ಕೊಮ್ಮೆ ರಕ್ತ ನೋಡುತ್ತಿದ್ದರು, ಈಗ ತಿಂಗಳಿಗೊಮ್ಮೆ. ಎಲ್ಲಿಗೆ ಹೋದರೂ ಅವಳು ಒಂದೇ ಚೀಲ ಒಯ್ಯುತ್ತಾಳೆ. ಮೇಜಿನ ಮೇಲೆ ಎಲ್ಲವನ್ನೂ ಸುರಿದು, ಪೂರ್ತಿ ನೋಡುವ ತನಕ ಏಳುವುದಿಲ್ಲ.

ರೀಲಿಂಗ್ ಮನೆಯಲ್ಲಿ ಎಂಟು ಗಂಟೆಯ ಕಾಯಿದೆಯನ್ನು ಪೆದ್ದಮ್ಮ ತಾನೇ ಮುರಿದಳು. ಹರಿಣಿ ಒಂದು ಭಾನುವಾರ ಬಂದು ಜಗಲಿಯ ಮೇಲೆ ಕೂತು ಪ್ರತಿಯೊಬ್ಬರ ಪೊಟ್ಟಣ ಬಿಡಿಸಿ ನೋಡಿದಳು, ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳಿದಳು, ಬೇರೆ ಏನಿದೆ, ಅದರ ಹೆಸರೇನು. ಆಗಿನಿಂದ ಹೆಂಗಸರು ಎರಡು ಸಲ ನೀರಿನಿಂದ ಕೈ ತೆಗೆಯುತ್ತಾರೆ, ಎಂಟಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ. ಒರೆಸಿಕೊಳ್ಳಲು ಗೋಡೆಯ ಮೊಳೆಗೆ ಒಂದು ಟವಲು ತೂಗುಹಾಕಿದ್ದಾರೆ. ಆಂಜಿನಮ್ಮ ಅದನ್ನು ಮುಟ್ಟುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ಕೈಗಳನ್ನು ಗಾಳಿಗೆ ಹಿಡಿದು ನಿಲ್ಲುತ್ತಾಳೆ, ಬೆರಳುಗಳು ತಾವಾಗಿ ಒಣಗುವ ತನಕ. ಸ್ವಲ್ಪ ತಡವಾಗುತ್ತದೆ. ಯಾರೂ ಏನೂ ಅನ್ನುವುದಿಲ್ಲ.